ಗಂಟಲು ನೋವಿಗೆ ಹತ್ತು ದಿನದ ಮಾತ್ರೆ ಏಕೆ?

ಮೈಸೂರು

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಹೇಳಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ನಿನ್ನ ಹಾಸ್ಟೆಲಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಜೋರು ಗಂಟಲು ನೋವು, ಜ್ವರ ಬಂದಿತ್ತು. ಡಾಕ್ಟರು ಹತ್ತು ದಿನಕ್ಕೆ ಮಾತ್ರೆ ಬರೆದುಕೊಟ್ಟಿದ್ದರು. ಮೂರನೇ ದಿನಕ್ಕೇ ಜ್ವರ ಬಿಟ್ಟು ಹುಡುಗಿ ಖೋಖೋ ಆಡಲು ಇಳಿದಿದ್ದಾಳೆ ಅಂದೆ. ಅವಳ ತಾಯಿ ಬೇರೆ, "ಅಷ್ಟು ಮಾತ್ರೆ ಕೊಟ್ಟರೆ ಮೈ ಉಷ್ಣ ಆಗುತ್ತೆ, ಸಾಕು ನಿಲ್ಲಿಸಿ ಮೇಡಂ" ಅಂದರಂತೆ. ನಿಲ್ಲಿಸಬೇಡ ಎಂದು ನಾನು ಒಂದೇ ಮಾತಿನಲ್ಲಿ ಹೇಳಿದೆ. ಆದರೆ ನೀನು ವಿಜ್ಞಾನ ಹೇಳಿಕೊಡುವವಳು. ಕಾರಣ ತಿಳಿಯದೆ ಪಾಲಿಸುವ ಮಾತು ಹಾಸ್ಟೆಲಿನಲ್ಲಿ ಎರಡು ದಿನವೂ ನಿಲ್ಲುವುದಿಲ್ಲ. ಇವತ್ತು ಈ ಹುಡುಗಿ, ನಾಳೆ ಇನ್ನೊಬ್ಬಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಓದು.

ಮೊದಲು ಒಂದು ವಿಷಯ ತಿಳಿದುಕೋ. ಸ್ಟ್ರೆಪ್ಟೋಕಾಕಸ್, ಚಿಕ್ಕದಾಗಿ ಸ್ಟ್ರೆಪ್, ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವು ಔಷಧಿ ಕೊಡದಿದ್ದರೂ ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಗಂಟಲು ಸರಿಹೋಯಿತೆಂದರೆ ಕಾಯಿಲೆ ಹೋಯಿತು ಎಂದು ಎಲ್ಲರಿಗೂ ಅನ್ನಿಸುತ್ತದೆ. ನಿನ್ನ ಹುಡುಗಿಗೆ ಡಾಕ್ಟರು ಬರೆದ ಹತ್ತು ದಿನದ ಮಾತ್ರೆ ಮುಖ್ಯವಾಗಿ ಗಂಟಲಿಗಾಗಿ ಅಲ್ಲ ಪುಟ್ಟಿ. ಅದು ಅವಳ ಹೃದಯಕ್ಕಾಗಿ.

ಗಂಟಲು ನೋವು ಬಂದವರೆಲ್ಲ ಆ್ಯಂಟಿಬಯಾಟಿಕ್ ನುಂಗಬೇಕು ಎಂದು ನಾನು ಹೇಳುತ್ತಿಲ್ಲ. ಅದೂ ಅಷ್ಟೇ ದೊಡ್ಡ ತಪ್ಪು. ಮಕ್ಕಳಿಗೆ ಬರುವ ಗಂಟಲು ನೋವಿನಲ್ಲಿ ಹೆಚ್ಚಿನದು ವೈರಸ್‌ನಿಂದ ಬರುವಂಥದ್ದು. ನೂರರಲ್ಲಿ ಇಪ್ಪತ್ತು ಮೂವತ್ತು ಮಾತ್ರ ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ದೊಡ್ಡವರಲ್ಲಿ ಇನ್ನೂ ಕಡಿಮೆ, ನೂರಕ್ಕೆ ಐದರಿಂದ ಹದಿನೈದು. ವೈರಸ್‌ಗೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಮೂಗು ಸೋರುತ್ತಿದೆ, ಕೆಮ್ಮು ಇದೆ, ದನಿ ಒಡೆದಿದೆ, ಕಣ್ಣು ಕೆಂಪಗಾಗಿದೆ ಎಂದರೆ ಅದು ಹೆಚ್ಚುಕಡಿಮೆ ವೈರಸ್ಸೇ. ಅಂಥ ಮಗುವಿಗೆ ಉಪ್ಪುನೀರಿನ ಮುಕ್ಕಳಿಕೆ, ಕಾಳುಮೆಣಸಿನ ಸಾರು, ಜೇನುತುಪ್ಪ ಬೆರೆಸಿದ ಶುಂಠಿ ಕಷಾಯ, ಬೇಕಾದರೆ ಪ್ಯಾರಸಿಟಮಾಲ್, ಮತ್ತೆ ನಿದ್ದೆ. ಇಷ್ಟು ಸಾಕು.

ಸ್ಟ್ರೆಪ್ ಬರುವ ರೀತಿಯೇ ಬೇರೆ. ಬೆಳಿಗ್ಗೆ ಚೆನ್ನಾಗಿದ್ದ ಹುಡುಗಿ ಸಂಜೆಗೆ ಉಗುಳು ನುಂಗಲಾರದೆ ಕೂತಿರುತ್ತಾಳೆ. ಮೈ ಸುಡುತ್ತಿರುತ್ತದೆ. ಬಾಯಿ ತೆರೆಸಿ ಟಾರ್ಚ್ ಹಿಡಿದರೆ ಟಾನ್ಸಿಲ್ ಎರಡೂ ಕೆಂಪಗೆ ಊದಿಕೊಂಡಿರುತ್ತವೆ, ಅವುಗಳ ಮೇಲೆ ಬಿಳಿ ಬಿಳಿ ಕೀವಿನ ಚುಕ್ಕೆ. ಕೆಲವರಿಗೆ ಅಂಗುಳದ ಹಿಂಭಾಗದಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ ಕಾಣುತ್ತದೆ. ದವಡೆಯ ಕೆಳಗೆ, ಕತ್ತಿನ ಮುಂಭಾಗದಲ್ಲಿ ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ನೋವು. ಕೆಮ್ಮು, ನೆಗಡಿ ಇರುವುದಿಲ್ಲ. ಮಕ್ಕಳಲ್ಲಿ ತಲೆನೋವು, ಹೊಟ್ಟೆನೋವು, ವಾಂತಿಯೂ ಇದರ ಜೊತೆಗೆ ಬರುತ್ತವೆ. ಇದನ್ನು ವಿಶೇಷವಾಗಿ ನೆನಪಿಟ್ಟುಕೋ. ಹೊಟ್ಟೆನೋವು ಎಂದು ಕ್ಲಾಸಿನಿಂದ ಎದ್ದುಬಂದ ಹುಡುಗಿ ನೆಪ ಹೇಳುತ್ತಿದ್ದಾಳೆ ಎಂದು ನಿಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ, ನೀನು ಹೋಗಿ ಅವಳ ಹಣೆ ಮುಟ್ಟಿ, ಬಾಯಿ ತೆರೆಸಿ ನೋಡು. ಕೆಲವರಿಗೆ ಮೈಮೇಲೆ ಉಪ್ಪುಕಾಗದದ ಹಾಗೆ ಒರಟೊರಟಾದ ಕೆಂಪು ಗುಳ್ಳೆಗಳೂ ಏಳುತ್ತವೆ, ನಾಲಿಗೆ ಕೆಂಪಗಾಗಿ ಅದರ ಮೇಲಿನ ಮೊಗ್ಗುಗಳು ಎದ್ದು ಕಾಣುತ್ತವೆ. ಅದು ಸ್ಕಾರ್ಲೆಟ್ ಜ್ವರ. ಅದೂ ಇದೇ ಬ್ಯಾಕ್ಟೀರಿಯಾದ ಕೆಲಸ, ಚಿಕಿತ್ಸೆಯೂ ಇದೇ.

ಐದರಿಂದ ಹದಿನೈದು ವಯಸ್ಸಿನವರಿಗೆ ಇದು ಹೆಚ್ಚು. ನಿನ್ನ ಶಾಲೆಯಲ್ಲಿ ಆರರಿಂದ ಹತ್ತನೇ ಕ್ಲಾಸು. ಒಂದು ಹಾಲಿನಲ್ಲಿ ಸಾಲಾಗಿ ಮಂಚ. ಕೆಮ್ಮಿದಾಗ, ಸೀನಿದಾಗ, ಮುಖಕ್ಕೆ ಮುಖ ಕೊಟ್ಟು ಮಾತಾಡುವಾಗ ಹಾರುವ ಹನಿಯಿಂದ ಇದು ಹರಡುತ್ತದೆ. ಸೋಂಕು ತಗಲಿದ ಎರಡರಿಂದ ಐದು ದಿನಕ್ಕೆ ನೋವು ಶುರುವಾಗುತ್ತದೆ. ಮೊಸರು ತಿಂದದ್ದಕ್ಕೆ ಬಂತು, ಐಸ್‌ಕ್ಯಾಂಡಿ ಚೀಪಿದ್ದಕ್ಕೆ ಬಂತು ಎಂದು ಅಡುಗೆಯವರು ಮಕ್ಕಳನ್ನು ಗದರಿಸುತ್ತಾರೆ. ಅದು ನಿಜವಲ್ಲ. ಗಂಟಲು ಉರಿಯುವಾಗ ತಣ್ಣಗಿನ ಮಜ್ಜಿಗೆ, ಆರಿದ ರಾಗಿ ಅಂಬಲಿ ಹಿತವಾಗಿಯೇ ಇರುತ್ತದೆ. ಆ ಮಗು ಯಾವುದನ್ನು ನುಂಗಬಲ್ಲದೋ ಅದನ್ನು ಕೊಡು. ಕಿರುನಾಲಿಗೆ ಬಿದ್ದಿದೆ ಎಂದು ಬಾಯೊಳಗೆ ಬೆರಳು ಹಾಕಿ ಎತ್ತುವವರು ಇನ್ನೂ ಇದ್ದಾರೆ. ಅದಕ್ಕೆ ಮಾತ್ರ ಅವಕಾಶ ಕೊಡಬೇಡ.

ಇಷ್ಟು ಲಕ್ಷಣ ಗೊತ್ತಿದ್ದರೂ ಕಣ್ಣಿನಲ್ಲಿ ನೋಡಿ ಇದು ಸ್ಟ್ರೆಪ್ ಎಂದು ಖಚಿತವಾಗಿ ಹೇಳಲು ನುರಿತ ಡಾಕ್ಟರಿಗೂ ಆಗುವುದಿಲ್ಲ. ಅದಕ್ಕೇ ಪರೀಕ್ಷೆ. ಕೋವಿಡ್ ಕಾಲದಲ್ಲಿ ಊರಿಗೆಲ್ಲ ಪರಿಚಯವಾಯಿತಲ್ಲ ಗಂಟಲು ದ್ರವ ತೆಗೆಯುವುದು, ಹಾಗೆಯೇ ಇದೂ. ಹತ್ತಿ ಸುತ್ತಿದ ಕಡ್ಡಿಯನ್ನು ಎರಡೂ ಟಾನ್ಸಿಲ್‌ಗೆ, ಗಂಟಲ ಹಿಂಗೋಡೆಗೆ ಒರೆಸಿ ತೆಗೆಯುತ್ತಾರೆ. ಲ್ಯಾಬಿನಲ್ಲಿ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಬೆಳೆಸಿದರೆ ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ. ಈ ಬ್ಯಾಕ್ಟೀರಿಯಾ ಸುತ್ತಲಿನ ರಕ್ತಕಣಗಳನ್ನು ಒಡೆದು ತನ್ನ ಸುತ್ತ ತಿಳಿಯಾದ ಬಳೆ ಮಾಡಿಕೊಂಡಿರುತ್ತದೆ. ಕೆಲವೇ ನಿಮಿಷದಲ್ಲಿ ಹೇಳುವ ರ‍್ಯಾಪಿಡ್ ಟೆಸ್ಟ್ ಕೂಡ ಇದೆ, ಆದರೆ ನಮ್ಮ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಪರೀಕ್ಷೆಯ ಅನುಕೂಲ ಇಲ್ಲದ ಕಡೆ ಡಾಕ್ಟರು ವಯಸ್ಸು, ಜ್ವರ, ಕೀವು, ಗಂಟು, ಕೆಮ್ಮು ಇದೆಯೋ ಇಲ್ಲವೋ ಎಂಬುದನ್ನೆಲ್ಲ ತೂಗಿ ತೀರ್ಮಾನಿಸುತ್ತಾರೆ. ಆ ತೀರ್ಮಾನ ಅವರದು. ಮೆಡಿಕಲ್ ಶಾಪಿನ ಹುಡುಗನದಲ್ಲ, ನಿನ್ನದೂ ಅಲ್ಲ, ನನ್ನದೂ ಅಲ್ಲ.

ಈಗ ಹೃದಯದ ವಿಷಯಕ್ಕೆ ಬರುತ್ತೇನೆ.

ಈ ಸ್ಟ್ರೆಪ್ಟೋಕಾಕಸ್‌ನ ಮೈಮೇಲೆ ಎಂ ಪ್ರೋಟೀನ್ ಎಂಬುದೊಂದಿದೆ. ಅದನ್ನು ಬಿಡಿಸಿ ತೋರಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಜೀವಮಾನವಿಡೀ ಇದೊಂದೇ ಬ್ಯಾಕ್ಟೀರಿಯಾವನ್ನು ಅಭ್ಯಾಸ ಮಾಡಿದ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್. ಸ್ಟ್ರೆಪ್ಟೋಕಾಕಸ್‌ಗಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದ್ದೂ ಅವರೇ, 1933ರಲ್ಲಿ. ಗಂಟಲಿಗೆ ಬರುವುದು ಎ ಗುಂಪಿನದು. ನಿನ್ನ ಹುಡುಗಿಯರಿಗೆ ಮೇರಿ ಕ್ಯೂರಿಯ ಹೆಸರು ಹೇಳುವಾಗ ಇವರ ಹೆಸರನ್ನೂ ಹೇಳು, ನನಗೆ ಸಂತೋಷವಾಗುತ್ತದೆ. ಆ ಎಂ ಪ್ರೋಟೀನಿನ ಕೆಲವು ಭಾಗಗಳು ನಮ್ಮ ಹೃದಯದ ಸ್ನಾಯುವಿನ, ಕವಾಟದ ಪ್ರೋಟೀನುಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾವನ್ನು ಹೊಡೆಯಲೆಂದು ದೇಹ ತಯಾರಿಸಿದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ತಮ್ಮದೇ ಹೃದಯದ ಮೇಲೆ, ಕೀಲಿನ ಮೇಲೆ, ಮಿದುಳಿನ ಮೇಲೆ ತಿರುಗಿ ಬೀಳುತ್ತವೆ. ಇದೇ ರುಮ್ಯಾಟಿಕ್ ಜ್ವರ.

ಇದು ಗಂಟಲು ನೋವಿನ ಜೊತೆಗೆ ಬರುವುದಿಲ್ಲ. ಎಲ್ಲ ಮರೆತ ಮೇಲೆ, ಎರಡು ಮೂರು ವಾರ ಕಳೆದು ಬರುತ್ತದೆ. ಇವತ್ತು ಮೊಣಕಾಲು ಊದಿ ನೋವು, ನಾಡಿದ್ದು ಅದು ಇಳಿದು ಪಾದದ ಕೀಲಿಗೆ, ಆಮೇಲೆ ಮೊಣಕೈಗೆ, ಮಣಿಕಟ್ಟಿಗೆ. ನೋವು ಹೀಗೆ ಜಾಗ ಬದಲಾಯಿಸುತ್ತ ಹೋಗುತ್ತದೆ. ಜೊತೆಗೆ ಜ್ವರ. ಕೊನೆಗೆ ಕೀಲುಗಳೆಲ್ಲ ಏನೂ ಆಗಿರಲಿಲ್ಲವೆಂಬಂತೆ ಸರಿಹೋಗುತ್ತವೆ. ಬೆಳೆಯುವ ವಯಸ್ಸು, ಮೈಕೈ ನೋವು ಸಹಜ ಎಂದು ಮನೆಯವರು ಸುಮ್ಮನಾಗುತ್ತಾರೆ. ಹೃದಯಕ್ಕೆ ಆದ ಪೆಟ್ಟು ಮಾತ್ರ ಹಾಗೆ ಮಾಯುವುದಿಲ್ಲ.

ಇನ್ನೊಂದು ಲಕ್ಷಣ ಇದೆ. ಅದು ಮೇಷ್ಟರುಗಳ ಕಣ್ಣಿಗೇ ಮೊದಲು ಬೀಳುವಂಥದ್ದು. ಗಂಟಲು ನೋವಾಗಿ ಕೆಲವು ತಿಂಗಳು ಕಳೆದ ಮೇಲೆ ಒಬ್ಬ ಹುಡುಗಿಯ ಅಕ್ಷರ ಇದ್ದಕ್ಕಿದ್ದಂತೆ ಕೆಡುತ್ತದೆ. ಮುತ್ತಿನಂತೆ ಬರೆಯುತ್ತಿದ್ದವಳು ಗೆರೆ ಬಿಟ್ಟು ಗೀಚುತ್ತಾಳೆ. ಊಟದ ತಟ್ಟೆ ಕೈಜಾರಿ ಬೀಳುತ್ತದೆ. ಮುಖ ಕಿವುಚುತ್ತಾಳೆ, ಭುಜ ಕುಣಿಸುತ್ತಾಳೆ, ಕಾರಣವಿಲ್ಲದೆ ಅಳುತ್ತಾಳೆ. ಇದಕ್ಕೆ ಸಿಡೆನ್‌ಹ್ಯಾಮ್ ಕೊರಿಯಾ ಎಂದು ಹೆಸರು, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಶಾಲೆಯಲ್ಲಿ ಅವಳಿಗೆ ಅಣಕಿಸುವವಳು, ಸೊಕ್ಕಿನವಳು ಎಂದು ಪೆಟ್ಟು ಬೀಳುತ್ತದೆ. ಮನೆಯಲ್ಲಿ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಅವಳ ತಪ್ಪು ಏನೇನೂ ಇಲ್ಲ ಪುಟ್ಟಿ. ಅಂಥ ಮಗುವನ್ನು ನೀನು ಕಂಡರೆ ಗದರಬೇಡ, ಗದರಲು ಬಿಡಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹೃದಯ ಪರೀಕ್ಷೆ ಮಾಡಿಸಿ ಎಂದು ಕೇಳು.

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರುಮ್ಯಾಟಿಕ್ ಜ್ವರ ಹೆಚ್ಚಾಗಿ ಹಿಡಿಯುವುದು ಎಡಭಾಗದ ಮೈಟ್ರಲ್ ಕವಾಟವನ್ನು. ಜ್ವರ ಮರಳಿ ಮರಳಿ ಬಂದಂತೆಲ್ಲ ಅದು ದಪ್ಪಗಾಗುತ್ತದೆ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ನೀರು ಕುಡಿದು ಬಿಗಿದ ಹಳೆಯ ಬಾಗಿಲಿನ ಹಾಗೆ, ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಹುಡುಗಿ ಶಾಲೆ ಮುಗಿಸುತ್ತಾಳೆ, ಮದುವೆಯಾಗುತ್ತಾಳೆ, ಬಸುರಿಯಾಗುತ್ತಾಳೆ. ಬಸುರಿಯಲ್ಲಿ ಮೈಯ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಇಕ್ಕಟ್ಟಾದ ಕವಾಟ ಅಷ್ಟನ್ನು ದಾಟಿಸಲಾರದು. ಹಿಂದೆ ನಿಂತ ರಕ್ತದ ಒತ್ತಡಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ವಾರ್ಡಿನಲ್ಲಿ ಅಂಥ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಚೊಚ್ಚಲ ಬಸುರಿ, ಆರೇಳು ತಿಂಗಳು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತೇ ಬೆಳಗು ಮಾಡುವವರು. ಚಿಕ್ಕಂದಿನಲ್ಲಿ ಕೀಲು ನೋವು ಬಂದಿತ್ತಾ ಎಂದು ಡಾಕ್ಟರು ಕೇಳಿದರೆ ಪಕ್ಕದಲ್ಲಿ ನಿಂತ ತಾಯಿ, "ಐದನೇ ಕ್ಲಾಸಲ್ಲಿದ್ದಾಗ ಒಂದು ಸಲ ಕಾಲು ಊದಿತ್ತು ಸಾರ್, ಹಂಗೇ ಹೋಯ್ತು" ಅನ್ನುವರು. ಹುಡುಗಿಗೆ ಹೃದಯದ ಕಾಯಿಲೆ ಇದೆಯೆಂದು ಆ ಮನೆಯವರಿಗೆ ಗೊತ್ತಾಗುವುದು ಅವತ್ತೇ. ಮುಚ್ಚಿಟ್ಟು ಮದುವೆ ಮಾಡಿದಿರಿ ಎಂಬ ಮಾತೂ ಆ ವಾರ್ಡಿನ ಬಾಗಿಲಲ್ಲೇ ಬರುತ್ತಿತ್ತು. ಮುಚ್ಚಿಡಲು ಆ ಬಡತಾಯಿಗೆ ಗೊತ್ತಿದ್ದರೆ ತಾನೇ? ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವ ನಿನಗೆ ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತಿಲ್ಲ, ಹೇಳಲೇಬೇಕು ಅನ್ನಿಸುತ್ತಿದೆ.

ಈಗ ಚಿಕಿತ್ಸೆ ಇದೆ. ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ಹೃದಯದವರೆಗೆ ಒಯ್ದು, ತುದಿಯ ಬಲೂನ್ ಉಬ್ಬಿಸಿ ಅಂಟಿದ ಕವಾಟವನ್ನು ಬಿಡಿಸುತ್ತಾರೆ. ಜಪಾನಿನ ಕಾಂಜಿ ಇನೋಯೆ ಎಂಬ ಶಸ್ತ್ರವೈದ್ಯರು 1984ರಲ್ಲಿ ಲೋಕಕ್ಕೆ ತಿಳಿಸಿದ ವಿಧಾನ ಅದು. ನಮ್ಮ ಜಯದೇವ ಆಸ್ಪತ್ರೆಯಲ್ಲಿ ಇದು ಬಹಳ ದೊಡ್ಡ ಸಂಖ್ಯೆಯಲ್ಲಿ ನಡೆಯುತ್ತ ಬಂದಿದೆ, ಬಸುರಿಯರಿಗೂ ಮಾಡುತ್ತಾರೆ. ಅದರಿಂದ ಆಗದಿದ್ದರೆ ಎದೆ ತೆರೆದು ಕವಾಟ ಬದಲಿಸಬೇಕು. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬದುಕಿರುವವರೆಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಇಷ್ಟೆಲ್ಲವನ್ನೂ ಹತ್ತು ದಿನದ ಅಗ್ಗದ ಮಾತ್ರೆಯೊಂದು ತಡೆಯಬಲ್ಲದು ಎನ್ನುವುದಕ್ಕಾಗಿ ನಾನು ಹಟ ಹಿಡಿಯುತ್ತೇನೆ.

ತಡೆಯಬಲ್ಲದು ಎಂದು ಹೇಗೆ ಗೊತ್ತು ಎಂದು ನೀನು ಕೇಳಬೇಕು, ಕೇಳುವುದೇ ನಿನ್ನ ಕೆಲಸ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ವಯೋಮಿಂಗ್ ರಾಜ್ಯದ ವಾರನ್ ವಾಯುನೆಲೆಯಲ್ಲಿ ಹೊಸದಾಗಿ ಸೇರಿದ ಹುಡುಗರು ಬ್ಯಾರಕ್ಕುಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು, ಥೇಟ್ ನಿನ್ನ ಹಾಸ್ಟೆಲಿನ ಹಾಗೆ. ಅಲ್ಲಿ ಸ್ಟ್ರೆಪ್ ಗಂಟಲು ನೋವು ಎಡೆಬಿಡದೆ ಹರಡುತ್ತಿತ್ತು. ಚಾರ್ಲ್ಸ್ ರಾಮೆಲ್‌ಕ್ಯಾಂಪ್, ಫ್ಲಾಯ್ಡ್ ಡೆನ್ನಿ, ಲೂಯಿಸ್ ವಾನಮೇಕರ್ ಮುಂತಾದ ವೈದ್ಯರು ಕೆಲವರಿಗೆ ಪೆನಿಸಿಲಿನ್ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ ನೋಡಿದರು. ಪೆನಿಸಿಲಿನ್ ಇಲ್ಲದವರಲ್ಲಿ ಅಂಥ ಪಿಡುಗಿನ ಕಾಲದಲ್ಲಿ ನೂರಕ್ಕೆ ಸುಮಾರು ಮೂವರಿಗೆ ರುಮ್ಯಾಟಿಕ್ ಜ್ವರ ಬರುತ್ತಿತ್ತು. ಪೆನಿಸಿಲಿನ್ ಪಡೆದವರಲ್ಲಿ ಅದು ಬಹುಮಟ್ಟಿಗೆ ತಪ್ಪಿತು. 1950ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಗಂಟಲು ನೋವು ಶುರುವಾಗಿ ಒಂಬತ್ತನೇ ದಿನಕ್ಕೆ ಔಷಧಿ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಡೆಯಬಹುದು ಎಂಬುದು ತಿಳಿದದ್ದೂ ಅಲ್ಲಿಂದಲೇ. ಹಾಗಾಗಿ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾಯಲು ಭಯಪಡಬೇಕಿಲ್ಲ.

ಆ ವೈದ್ಯರೇ ಇನ್ನೊಂದನ್ನೂ ನೋಡಿದರು, ಅದು ನಿನಗೆ ನೇರವಾಗಿ ಬೇಕಾದದ್ದು. ರೋಗಿಗಳು ಹೊದ್ದ ಕಂಬಳಿಯಿಂದ, ಕೋಣೆಯ ಧೂಳಿನಿಂದ ಸೋಂಕು ಹರಡುತ್ತದೆಯೇ ಎಂದು ಪರೀಕ್ಷಿಸಿದಾಗ ಹಾಗೆ ಹರಡುವುದು ಕಾಣಲಿಲ್ಲ. ಸೋಂಕಿತನ ಮಂಚಕ್ಕೆ ಹತ್ತಿರ ಮಲಗಿದವರಿಗೆ ಅದು ಹೆಚ್ಚು ತಗಲುತ್ತಿತ್ತು. ಆದ್ದರಿಂದ ಕಾಯಿಲೆಯ ಹುಡುಗಿಯ ಹೊದಿಕೆಯನ್ನು ಹೊರಗೆಸೆದು ಅವಳಿಗೆ ಅವಮಾನ ಮಾಡಬೇಡಿ. ಮಂಚಗಳನ್ನು ದೂರ ದೂರ ಸರಿಸಿ, ಕಿಟಕಿ ತೆರೆದಿಡಿ, ಪಕ್ಕಪಕ್ಕದವರು ಒಬ್ಬರು ಗೋಡೆ ಕಡೆ ಇನ್ನೊಬ್ಬರು ನಡೆಯುವ ದಾರಿಯ ಕಡೆ ತಲೆ ಹಾಕಿ ಮಲಗಲಿ. ಲೋಟ, ಚಮಚ ಹಂಚಿಕೊಳ್ಳುವುದು ಬೇಡ. ಔಷಧಿ ಶುರುವಾಗಿ ಒಂದು ದಿನ ಕಳೆದು ಜ್ವರವೂ ಬಿಟ್ಟಿದ್ದರೆ ಅವಳು ಕ್ಲಾಸಿಗೆ ಬರಬಹುದು. ಆಮೇಲೆ ಅವಳಿಂದ ಹರಡುವ ಭಯ ಇಲ್ಲ.

ಔಷಧಿ ಯಾವುದು? ಅದೇ ಹಳೆಯ ಪೆನಿಸಿಲಿನ್, ಇಲ್ಲವೇ ಅದರ ಬಳಗದ ಅಮಾಕ್ಸಿಸಿಲಿನ್. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ವಸ್ತು. ನಮ್ಮ ದೇಶ ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, 1954ರಲ್ಲಿ, ಪುಣೆಯ ಹತ್ತಿರ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪಿಸಿ ಅದನ್ನು ಸ್ವಂತವಾಗಿ ತಯಾರಿಸಲು ಹೊರಟಿತು. ಎಷ್ಟೋ ಬ್ಯಾಕ್ಟೀರಿಯಾಗಳು ಔಷಧಿಗಳನ್ನು ಸೋಲಿಸಿ ಬೆಳೆದಿವೆ. ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಮಾತ್ರ ಇಷ್ಟು ದಶಕಗಳ ಬಳಿಕವೂ ಪೆನಿಸಿಲಿನ್‌ಗೆ ಮಣಿಯುತ್ತದೆ. ಇದಕ್ಕಿಂತ ದೊಡ್ಡ ಭಾಗ್ಯ ಏನಿದೆ ಹೇಳು? ಜನ ಮೆಡಿಕಲ್ ಶಾಪಿಗೆ ಹೋಗಿ ಮೂರು ಮಾತ್ರೆಯ ಅಜಿತ್ರೋಮೈಸಿನ್ ತಂದು ನುಂಗುತ್ತಾರೆ. ಅದಕ್ಕೆ ಮಣಿಯದ ಸ್ಟ್ರೆಪ್ ತಳಿಗಳು ಇವೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಡಾಕ್ಟರು ಅದನ್ನೋ ಬೇರೆಯದನ್ನೋ ಲೆಕ್ಕ ಹಾಕಿ ಕೊಡುತ್ತಾರೆ, ಅದು ಬೇರೆ ಮಾತು. ಸ್ಟ್ರಿಪ್‌ನ ಹಿಂದೆ ಕೆಂಪು ಗೆರೆ ಇರುವ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ನಿನ್ನ ಹಾಸ್ಟೆಲಿನೊಳಗೆ ಬರಕೂಡದು. ಅಷ್ಟು ಕಟ್ಟುನಿಟ್ಟು ಇರಲಿ.

ಔಷಧಿ ಸಾಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಹಳೆಯ ಕತೆ ಹೇಳುತ್ತೇನೆ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆ ಇದ್ದರು. ಸ್ಟ್ರೆಪ್ಟೋಕಾಕಸ್, ಸ್ಟ್ಯಾಫಿಲೋಕಾಕಸ್ ಎರಡೂ ಸೇರಿ ಮುಖವೆಲ್ಲ ಕೀವಾಗಿ, ಒಂದು ಕಣ್ಣು ಹೋಗಿ ಸಾಯುವ ಸ್ಥಿತಿಯಲ್ಲಿದ್ದರು. ಫೆಬ್ರವರಿಯಲ್ಲಿ ಅವರಿಗೆ ಪೆನಿಸಿಲಿನ್ ಕೊಟ್ಟರು. ಜ್ವರ ಇಳಿಯಿತು, ಹಸಿವಾಯಿತು. ಆದರೆ ಲೋಕದಲ್ಲಿ ಇದ್ದ ಪೆನಿಸಿಲಿನ್ನೇ ಅಷ್ಟು. ಅವರ ಮೂತ್ರದಿಂದ ಮತ್ತೆ ಔಷಧಿ ಬಸಿದು ಕೊಟ್ಟರೂ ಸಾಲಲಿಲ್ಲ. ಔಷಧಿ ಮುಗಿಯಿತು, ಕಾಯಿಲೆ ಮರುಕಳಿಸಿತು, ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಮರುವರ್ಷ ಅಮೆರಿಕದ ನ್ಯೂ ಹೇವನ್‌ನಲ್ಲಿ ಆನ್ ಮಿಲ್ಲರ್ ಎಂಬ ಹೆಣ್ಣುಮಗಳು, ಗರ್ಭಪಾತದ ಬಳಿಕ ಸ್ಟ್ರೆಪ್ ರಕ್ತಕ್ಕೇರಿ ವಾರಗಟ್ಟಲೆ ಸುಡುಜ್ವರದಲ್ಲಿದ್ದವರು, ಸಾಕಷ್ಟು ಪೆನಿಸಿಲಿನ್ ಸಿಕ್ಕಿದ್ದರಿಂದ ಉಳಿದು ತೊಂಬತ್ತು ವರ್ಷ ಬಾಳಿದರು. ಔಷಧಿ ಸಾಲದೆ ಜೀವ ಹೋದ ಕಾಲವೊಂದಿತ್ತು ಎಂದು ನಿನ್ನ ಹುಡುಗಿಯ ತಾಯಿಗೆ ಹೇಳು. ಸ್ಟ್ರಿಪ್ಪಿನಲ್ಲಿ ಮಾತ್ರೆ ಉಳಿದಿರುವಾಗ ನಿಲ್ಲಿಸುವುದು ಬೇಡ ಎಂದು ಕೈಮುಗಿದು ಕೇಳು.

ಹತ್ತೇ ದಿನ ಏಕೆ ಎಂದರೆ, ಗಂಟಲಿನಿಂದ ಬ್ಯಾಕ್ಟೀರಿಯಾ ಪೂರ್ತಿ ತೊಲಗಲು ಅಷ್ಟು ಬೇಕು. ಮೂರು ದಿನಕ್ಕೆ ನೋವು ತೊಲಗುತ್ತದೆ, ಬ್ಯಾಕ್ಟೀರಿಯಾ ಉಳಿದಿರುತ್ತದೆ. ದಿನಕ್ಕೆ ಎರಡರಂತೆ ಬರೆದಿದ್ದರೆ ಒಟ್ಟು ಇಪ್ಪತ್ತು ಮಾತ್ರೆ, ಹತ್ತರ ಸ್ಟ್ರಿಪ್ಪಾದರೆ ಎರಡು. ಮೊದಲ ದಿನವೇ ಅಷ್ಟನ್ನೂ ತರಿಸಿ ನಿನ್ನ ಬೀರುವಿನಲ್ಲಿ ಇಟ್ಟುಕೋ. ಹುಡುಗಿಯ ಕೈಗೆ ಕೊಡಬೇಡ. ಬೆಳಿಗ್ಗೆ ತಿಂಡಿಯಾದ ಮೇಲೆ, ರಾತ್ರಿ ಊಟವಾದ ಮೇಲೆ ನಿನ್ನ ಎದುರಿಗೇ ನುಂಗಿಸಿ ರಿಜಿಸ್ಟರಿನಲ್ಲಿ ಗುರುತು ಹಾಕು. ಭೇದಿಯಾದರೆ, ಮೈಮೇಲೆ ದದ್ದು ಎದ್ದರೆ ಡಾಕ್ಟರಿಗೆ ತಿಳಿಸು. ಮುಖ ಊದಿದರೆ, ಉಸಿರು ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಓಡು. ಉಷ್ಣವಾಗುತ್ತದೆ ಎನ್ನುವ ತಾಯಿಯೊಂದಿಗೆ ವಾದ ಮಾಡಬೇಡ. ಎಳನೀರು, ಮಜ್ಜಿಗೆ ಧಾರಾಳವಾಗಿ ಕೊಡುತ್ತೇನೆ ಎಂದು ಹೇಳು. ಅವರಿಗೂ ಸಮಾಧಾನ, ಮಗುವಿಗೂ ಒಳ್ಳೆಯದು. ಹತ್ತು ದಿನ ನುಂಗಿಸುವುದು ಆಗದ ಮಾತು ಎಂದು ಡಾಕ್ಟರಿಗೆ ಅನ್ನಿಸಿದರೆ ಒಂದೇ ಚುಚ್ಚುಮದ್ದಿನಲ್ಲಿ ಮುಗಿಸುವ ದಾರಿಯೂ ಇದೆ. ಬೆಂಜಥೀನ್ ಪೆನಿಸಿಲಿನ್, ಆಸ್ಪತ್ರೆಯಲ್ಲಿ ನಾವೆಲ್ಲ ಪೆನಿಡ್ಯೂರ್ ಎನ್ನುತ್ತಿದ್ದೆವು. 27 ಕಿಲೋಗಿಂತ ಕಡಿಮೆ ತೂಕದವರಿಗೆ 6 ಲಕ್ಷ ಯೂನಿಟ್, ಅದಕ್ಕಿಂತ ಹೆಚ್ಚಿದ್ದರೆ 12 ಲಕ್ಷ. ಹಾಲಿನಂತೆ ಬೆಳ್ಳಗೆ, ಮಂದವಾಗಿರುತ್ತದೆ. ಸ್ನಾಯುವಿನ ಆಳಕ್ಕೆ ನಿಧಾನವಾಗಿ ಕೊಡಬೇಕು, ನೋಯುತ್ತದೆ. ಅಲರ್ಜಿಯ ಭಯಕ್ಕೆ ಅದನ್ನು ಕೊಡಲು ಹಿಂಜರಿಯುವವರು ಇದ್ದಾರೆ. ತೀವ್ರ ಅಲರ್ಜಿ ಬಹಳ ಅಪರೂಪ, ಆದರೂ ತುರ್ತು ಔಷಧಿ ಕೈಯಳತೆಯಲ್ಲಿರುವ ಆಸ್ಪತ್ರೆಯಲ್ಲೇ ಹಾಕಿಸಿ, ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡು ಬರಬೇಕು.

ರುಮ್ಯಾಟಿಕ್ ಜ್ವರ ಒಮ್ಮೆ ಬಂದ ಮಗುವಿಗೆ ಅದೇ ಚುಚ್ಚುಮದ್ದನ್ನು ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಾನುಗಟ್ಟಲೆ ಕೊಡುತ್ತಾರೆ. ಜನ ಅದನ್ನು 21 ದಿನದ ಇಂಜೆಕ್ಷನ್ ಎನ್ನುತ್ತಾರೆ. ಹದಿಹರೆಯ ದಾಟುವವರೆಗಂತೂ ಬೇಕು, ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಇನ್ನೂ ಎಷ್ಟೋ ವರ್ಷ. ಹೊಸ ಹುಡುಗಿಯರು ಸೇರುವಾಗ ಇಂಥ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಪ್ರತಿ ತಾಯಿಯನ್ನೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಕೇಳು. ಹಾಸ್ಟೆಲಿಗೆ ಬಂದ ಮೇಲೆ ಆ ಇಂಜೆಕ್ಷನ್ ತಪ್ಪಿಹೋಗುವುದು ಸುಲಭ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರುಗಳು ತಪಾಸಣೆಗೆ ಶಾಲೆಗೆ ಬರುತ್ತಾರಲ್ಲ, 2013ರಲ್ಲಿ ಶುರುವಾದ ಆ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಅವರು ಬಂದ ದಿನ ಗಲಾಟೆ ಇಲ್ಲದ ಕೋಣೆ ಕೊಡು. ಮಕ್ಕಳ ಕಿರುಚಾಟದ ನಡುವೆ ಸ್ಟೆತಸ್ಕೋಪಿನಲ್ಲಿ ಕವಾಟದ ಸಣ್ಣ ಮರ್ಮರ ಕೇಳಿಸುವುದಿಲ್ಲ.

ಕಾಯದೆ ಆಸ್ಪತ್ರೆಗೆ ಒಯ್ಯಬೇಕಾದ ಗಂಟಲುಗಳನ್ನೂ ಹೇಳಿಬಿಡುತ್ತೇನೆ. ಜೊಲ್ಲು ಸುರಿಯುತ್ತಿದೆ, ಉಗುಳನ್ನೇ ನುಂಗಲಾಗುತ್ತಿಲ್ಲ; ಬಾಯಿ ತೆರೆಯಲಾಗುತ್ತಿಲ್ಲ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರಂತೆ ಮಾತು ಬರುತ್ತಿದೆ; ಉಸಿರಾಟದಲ್ಲಿ ಸದ್ದು. ಇಂಥವರನ್ನು ಬೆಳಗಾಗಲಿ ಎಂದು ಇಟ್ಟುಕೊಳ್ಳಬೇಡ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಂಡು ಕತ್ತು ಊದಿದ್ದರೆ ಅದು ಗಂಟಲಮಾರಿ, ಡಿಫ್ತೀರಿಯಾ. ಅದು ಪೂರ್ತಿ ಹೋಗಿಲ್ಲ, ಅಲ್ಲಲ್ಲಿ ಇನ್ನೂ ಕಾಣಿಸಿಕೊಳ್ಳುತ್ತದೆ. ಹತ್ತು ಮತ್ತು ಹದಿನಾರನೇ ವಯಸ್ಸಿನ ಟಿಡಿ ಚುಚ್ಚುಮದ್ದು ನಿನ್ನ ಹುಡುಗಿಯರಿಗೆಲ್ಲ ಆಗಿದೆಯೇ ಎಂದು ಕಾರ್ಡು ತರಿಸಿ ನೋಡು. ಗಂಟಲು ನೋವಾಗಿ ಒಂದೆರಡು ವಾರಕ್ಕೆ ಮುಖ ಊದಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಸ್ಟ್ರೆಪ್ ಮೂತ್ರಪಿಂಡವನ್ನು ಬಾಧಿಸಿದೆ ಎಂದು ಅರ್ಥ. ಅದಕ್ಕೂ ಡಾಕ್ಟರೇ ಬೇಕು. ಜ್ವರಕ್ಕೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಬೇಡ.

ಗುಣವಾದ ಮೇಲೆ ಆ ಏಳನೇ ಕ್ಲಾಸಿನ ಹುಡುಗಿಗೆ ಮತ್ತೆ ಗಂಟಲು ಪರೀಕ್ಷೆ ಬೇಕಿಲ್ಲ. ಆರೋಗ್ಯವಾಗಿರುವ ಶಾಲಾಮಕ್ಕಳಲ್ಲೂ ಹತ್ತಕ್ಕೆ ಒಬ್ಬರ ಗಂಟಲಿನಲ್ಲಿ ಈ ಬ್ಯಾಕ್ಟೀರಿಯಾ ಸುಮ್ಮನೆ ಇರಬಹುದು, ಅದರಿಂದ ಅವರಿಗೆ ತೊಂದರೆ ಇಲ್ಲ. ಪಕ್ಕದ ಮಂಚದವರಿಗೆಲ್ಲ ಮುಂಜಾಗ್ರತೆಗೆಂದು ಮಾತ್ರೆ ನುಂಗಿಸುವುದೂ ಬೇಡ. ನೋವು ಬಂದವರನ್ನು ಮಾತ್ರ ತೋರಿಸು. ಅವಳ ಹೆಸರಿನ ಮುಂದೆ ನಿನ್ನ ಡೈರಿಯಲ್ಲಿ ಇವತ್ತಿನ ತಾರೀಖು ಬರೆದಿಡು, ಇನ್ನೊಂದು ತಿಂಗಳು ಅವಳ ಮೊಣಕಾಲು, ಪಾದದ ಕೀಲು ಹೇಗಿವೆ ಎಂದು ಆಗಾಗ ಕೇಳುತ್ತಿರು.

ನಿಮ್ಮೂರಿಗೆ ಬರುವ ನಿನ್ನ ತಮ್ಮನ ಕೈಯಲ್ಲಿ ಒಂದು ಒಳ್ಳೆಯ ಟಾರ್ಚ್, ಎರಡು ಥರ್ಮಾಮೀಟರ್, ನಾಲಿಗೆ ಒತ್ತಿ ಹಿಡಿಯುವ ಮರದ ಕಡ್ಡಿಗಳ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಒಬ್ಬರಿಗೆ ಬಳಸಿದ ಕಡ್ಡಿ ಇನ್ನೊಬ್ಬರಿಗೆ ಬೇಡ. ಜೊತೆಗೆ ನಿನಗೆಂದು ಚಕ್ಕುಲಿ, ಕೊಬ್ಬರಿ ಮಿಠಾಯಿ ಇದೆ. ಗಂಟಲು ನೋವು ಶುರುವಾಗಿದೆ ಅಂದೆಯಲ್ಲ ಇನ್ನಿಬ್ಬರಿಗೆ, ಅವರ ಸ್ವಾಬ್ ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ, ಎತ್ತುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ